ಹದಿನೆಂಟು ಸ್ವಿಚ್ಚು

ಮೊನ್ನೆ ಕಾಪುವಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದೆ. ಕಟಪಾಡಿಯಲ್ಲಿ ಹತ್ತಿದ ಒಬ್ಬ ಪುಣ್ಯಾತ್ಮ, ಮುಚ್ಚಳ ಸರಿಯಾಗಿ ಕೂರದ ಗ್ರೀಸಿನ ಡಬ್ಬಿಯೊಂದನ್ನು ತಂದು ನನ್ನ ಕಾಲಬುಡದಲ್ಲೇ ಇಟ್ಟ. ಎದುರು ಸೀಟಿನ ಹೆಂಗಸರು ಮೂಗಿಗೆ ಸೆರಗು ಹಿಡಿದರು. ಬೇರೆ ದಿನವಾಗಿದ್ದರೆ ಅವನಿಗೆ ನಾನೇ ನಾಲ್ಕು ಮಾತು ಹೇಳುತ್ತಿದ್ದೆ. ನನ್ನ ಬಾಯಿ ಎಂಥದ್ದೆಂದು ಗೊತ್ತಿರುವವರಿಗೆ ಗೊತ್ತುಂಟು. ಮೊನ್ನೆ ಮಾತ್ರ ಸುಮ್ಮನೆ ಕುಳಿತೆ. ಆ ವಾಸನೆಗೆ ಮೂರು ವರ್ಷದ ಹಿಂದಿನ ಮಳೆಗಾಲ ಪೂರ್ತಿ ಎದ್ದು ಬಂತು. ನನ್ನ ತಮ್ಮ ಪ್ರವೀಣನ ಕೈ ಉಳಿಯುತ್ತದೋ ಇಲ್ಲವೋ ಎಂದು ಕಾದ ಮಳೆಗಾಲ ಅದು.

ನಾನು ಮಣಿಪಾಲದ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಸಹಾಯಕಿ. ಸುಟ್ಟ ವೈರು, ಮುರಿದ ಪ್ಲಗ್ಗು, ಮಕ್ಕಳು ಉಲ್ಟಾ ಜೋಡಿಸಿ ಹಾಳುಮಾಡಿದ ಮೀಟರು, ಇವೇ ನನ್ನ ಸಂಸಾರ. ನಿಜವಾದ ಸಂಸಾರ ಪರ್ಕಳದಲ್ಲಿ, ಬಾಡಿಗೆ ಮನೆಯ ಮಹಡಿಯಲ್ಲಿ. ನಮ್ಮ ಇವರು ಕಾರ್ಕಳದ ಒಂದು ಕಲ್ಲಿನ ಯಾರ್ಡಿನಲ್ಲಿ ಕೆಲಸ ಮಾಡುತ್ತಾರೆ. ದಿನವಿಡೀ ಕಲ್ಲು ಕೊಯ್ಯುವ ಸದ್ದು ಕೇಳಿ ಕೇಳಿ ಮನೆಯಲ್ಲಿ ಮಾತು ಕಡಿಮೆ. ಅವರ ಪಾಲಿನದನ್ನೂ ನಾನೇ ಆಡುತ್ತೇನೆ. ತವರು ಕಾಪುವಿನ ಕಡಲತಡಿ. ಪ್ರವೀಣ ನನಗಿಂತ ಎಂಟು ವರ್ಷ ಚಿಕ್ಕವನು, ಮಲ್ಪೆಯಿಂದ ಹೋಗುವ ಬೋಟಿನಲ್ಲಿ ದುಡಿಯುವವನು.

ಆ ವರ್ಷ ಮಳೆಗಾಲಕ್ಕೆ ಬೋಟುಗಳು ದಡ ಸೇರಲು ಒಂದು ತಿಂಗಳಿರುವಾಗ ವಿಂಚಿಗೆ, ಅಂದರೆ ಬಲೆಯ ಹಗ್ಗ ಸುತ್ತಿ ಎಳೆಯುವ ಯಂತ್ರಕ್ಕೆ, ಅವನ ಬಲಗೈ ಸಿಕ್ಕಿತು. ನಡುಬೆರಳು, ಉಂಗುರದ ಬೆರಳು ಬುಡದ ತನಕ ಹೋದವು. ತೋರುಬೆರಳು ಉಳಿಯಿತು, ಆದರೆ ಮುರಿದದ್ದನ್ನು ಕೂಡಿಸಿದ್ದರಿಂದ ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು. ಗಾಯ ಮಾಗಿದ ಮೇಲೆ ಕೈ ವ್ಯಾಯಾಮಕ್ಕೆ ಮಣಿಪಾಲದ ಆಸ್ಪತ್ರೆಗೆ ಬರಲು ಹೇಳಿದರು. ಅಲ್ಲಿ ಅವನಿಗೆ ವ್ಯಾಯಾಮ ಮಾಡಿಸುತ್ತಿದ್ದ ಹುಡುಗಿ ಮೊದಲ ದಿನವೇ ಮುಚ್ಚುಮರೆ ಇಲ್ಲದೆ ಹೇಳಿದಳು.

“ನೋಡಿ ಅಣ್ಣ, ಈ ತೋರುಬೆರಳು ಮಡಚಿ ಹೆಬ್ಬೆರಳಿಗೆ ಮುಟ್ಟಬೇಕು. ಮುಟ್ಟಿದರೆ ಏನನ್ನಾದರೂ ಹಿಡಿಯಬಹುದು. ನಾನು ಇಲ್ಲಿ ಮಡಚಿಸಿದರೆ ಸಾಲುವುದಿಲ್ಲ, ಮನೆಯಲ್ಲಿ ನೀವೇ ಮಾಡಬೇಕು. ಈ ಎರಡು ತಿಂಗಳು ಬಿಟ್ಟರೆ ಗಂಟು ಗಟ್ಟಿಯಾಗುತ್ತದೆ. ಆಮೇಲೆ ಎಂತ ಮಾಡಿದರೂ ಕಷ್ಟ.”

ಎರಡು ತಿಂಗಳು, ಅಂದರೆ ಮಳೆಗಾಲದ ನಿಷೇಧಕ್ಕೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲದ ಅದೇ ಎರಡು ತಿಂಗಳು. ಪ್ರವೀಣ ಬಟ್ಟೆ ಕಟ್ಟಿಕೊಂಡು ನಮ್ಮ ಮನೆಗೆ ಬಂದ. ಕಾಪುವಿನಿಂದ ದಿನಾ ಓಡಾಡುವುದು ದೂರ ಎಂದ. ದೂರವೇನಲ್ಲ ಅದು. ಊರಿನಲ್ಲಿ ಎದುರು ಸಿಕ್ಕವರೆಲ್ಲ ಮೊದಲು ಕೈ ನೋಡಿ ಆಮೇಲೆ ಮುಖ ನೋಡುತ್ತಾರೆ, ಅದು ಅವನಿಗೆ ಆಗುತ್ತಿರಲಿಲ್ಲ. ಕೈಗೆ ಸದಾ ಒಂದು ಬೈರಾಸು, ಅಂದರೆ ಮೈ ಒರೆಸುವ ವಸ್ತ್ರ, ಸುತ್ತಿಕೊಂಡಿರುತ್ತಿದ್ದ. ಊಟಕ್ಕೆ ಕರೆದರೆ ಬಟ್ಟಲು ತೆಗೆದುಕೊಂಡು ಅಡುಗೆಮನೆಯ ಮೂಲೆಗೆ ಹೋಗಿ, ಗೋಡೆಗೆ ಮುಖ ಮಾಡಿ, ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಉಣ್ಣುತ್ತಿದ್ದ. ಅಮ್ಮ ಇದ್ದಿದ್ದರೆ ಎಡಗೈಯಲ್ಲಿ ಉಂಡದ್ದಕ್ಕೆ ಬೈಯುತ್ತಿದ್ದಳೋ, ಅದನ್ನು ನೋಡಿ ಅಳುತ್ತಿದ್ದಳೋ. ಆಸ್ಪತ್ರೆಯವರು ಹಿಸುಕಲೆಂದು ಕೊಟ್ಟ ಹಿಟ್ಟಿನಂಥ ಉಂಡೆ ಒಂದು ದಿನ ಕಪಾಟು ಒರೆಸುವಾಗ ನನ್ನ ಕೈಗೆ ಸಿಕ್ಕಿತು. ಒಮ್ಮೆಯೂ ಬೆರಳು ತಾಗಿರಲಿಲ್ಲ ಅದಕ್ಕೆ.

ಹೇಳಿ ನೋಡಿದೆ, ಬೈದು ನೋಡಿದೆ. “ಮಾಡ್ತೇನೆ ಅಕ್ಕ” ಎನ್ನುವುದು, ಮಲಗುವುದು. ಕಿಟಕಿಯಾಚೆ ಮಳೆ, ಒಳಗೆ ಇವನ ಬೆನ್ನು. ಎರಡನ್ನೂ ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿಯಿತು.

ಅಷ್ಟರಲ್ಲಿ ಕಾಲೇಜಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ವಿಲೇವಾರಿ ಮಾಡಿದರು. ನಾನೂ ಒಂದನ್ನು ಕೇಳಿ ಮನೆಗೆ ತಂದೆ. ಪ್ರವೀಣ ಅದರ ಪರದೆಯನ್ನು ನೋಡಿ, ಬಂದ ಮೇಲೆ ಮೊದಲ ಸಲ, ತಾನಾಗಿ ಒಂದು ಮಾತಾಡಿದ. “ಅಕ್ಕ, ನಮ್ಮ ಗೇಮಿನ ಅಂಗಡಿಯ ಪೆಟ್ಟಿಗೆಯಲ್ಲಿ ಇಷ್ಟೇ ದೊಡ್ಡ ಪರದೆ ಇದ್ದದ್ದು, ಅಲ್ವಾ?”

ಉಡುಪಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲು ಅಂಥದ್ದೊಂದು ಅಂಗಡಿಯಿತ್ತು. ಆಳೆತ್ತರದ ಪೆಟ್ಟಿಗೆ, ಒಳಗೆ ಟಿವಿ, ಎದುರಿಗೆ ಹಿಡಿಯಲಿಕ್ಕೊಂದು ಕೋಲು, ಒತ್ತಲಿಕ್ಕೆ ಗುಂಡಿಗಳು. ಪ್ರವೀಣ ಹೈಸ್ಕೂಲಿನಲ್ಲಿರುವಾಗ ಕ್ಲಾಸಿಗೆ ಚಕ್ಕರ್ ಹಾಕಿ ಅಲ್ಲೇ ಇರುತ್ತಿದ್ದ. ಎಳೆದು ತರಲು ಹೋದದ್ದು ನಾನು. ಹೋಗಿ ನೋಡಿದರೆ ಇವನ ಸುತ್ತ ಹತ್ತು ಜನ ನಿಂತು ಕೂಗುತ್ತಿದ್ದರು. ಎಡಗೈ ಕೋಲಿನ ಮೇಲೆ, ಬಲಗೈಯ ಬೆರಳುಗಳು ಗುಂಡಿಗಳ ಮೇಲೆ ಓಡುತ್ತಿದ್ದವು ನೋಡಿ, ಆಹಾ! ಒಂದು ನಿಮಿಷ ನಾನೂ ಬಾಯಿಬಿಟ್ಟು ನೋಡಿದೆ. ಆಮೇಲೆ ಕಿವಿ ಹಿಂಡಿ ಎಳೆದುಕೊಂಡು ಬಂದೆ.

ಅಂಥದ್ದೊಂದು ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿದರೆ ಹೇಗೆ ಎಂದು ನನಗೆ ಹೊಳೆದದ್ದು ಹೀಗೆ. ಉಂಡೆ ಹಿಸುಕದವನು ಗುಂಡಿ ಒತ್ತಬಹುದಲ್ಲ!

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಲ್ಯಾಬಿನ ಕಂಪ್ಯೂಟರಿನ ಮುಂದೆ ಕುಳಿತು ಹುಡುಕಿದೆ. ಅಬ್ಬಬ್ಬಾ, ಒಂದು ಗುಂಡಿಯಲ್ಲಿ ಇಷ್ಟೊಂದು ಬಗೆಯೇ! ಉಬ್ಬಿದ್ದು, ಕುಳಿಯಿದ್ದದ್ದು, ಒತ್ತಿದರೆ ಟಕ್ ಎನ್ನುವಂಥದ್ದು, ಸದ್ದಿಲ್ಲದ್ದು, ಸ್ಪ್ರಿಂಗ್ ಬಿಗಿಯಿದ್ದದ್ದು, ಸಡಿಲದ್ದು. ಕೋಲಿನ ತಲೆ ಗುಂಡಗೆ ಬೇಕೋ, ಉದ್ದಕ್ಕೆ ಬೇಕೋ. ಗುಂಡಿಗಳು ಹೊರಗೆ ಹೇಗೇ ಇರಲಿ, ಒಂದೊಂದರ ಕೆಳಗೂ ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡ ಸ್ವಿಚ್ಚು ಉಂಟು. ಕೋಲಿನ ನಾಲ್ಕು ದಿಕ್ಕಿಗೂ ಒಂದೊಂದು ಸ್ವಿಚ್ಚು. ಇಬ್ಬರು ಆಡುವುದಕ್ಕೆ ಎರಡು ಕೋಲು, ತಲಾ ನಾಲ್ಕು ಗುಂಡಿ, ಆಟ ಶುರುಮಾಡಲು ಮತ್ತೆರಡು. ಒಟ್ಟು ಹದಿನೆಂಟು ಸ್ವಿಚ್ಚು. ಎಲ್ಲ ಬಗೆಯದನ್ನೂ ಸ್ವಲ್ಪ ಸ್ವಲ್ಪ ತರಿಸಿದೆ.

ಪ್ರವೀಣನ ಬಲಗೈಗೆಂದು ಮಾತ್ರ ಬೇರೆಯೇ ಒಂದು ಆರಿಸಿದೆ. ಚಹಾದ ಸಾಸರಿನಷ್ಟು ಅಗಲದ ಒಂದೇ ಗುಂಡಿ, ಕೆಂಪು ಬಣ್ಣ, ಮೆತ್ತಗಿನ ಸ್ಪ್ರಿಂಗ್. ಅಂಗೈ ಇಟ್ಟರೂ ಸಾಕು, ಒತ್ತಿಕೊಳ್ಳುತ್ತದೆ. ಪಾಪ, ಬೆರಳಿಗೆ ನೋವಾಗದಿರಲಿ ಎಂದು. ಫ್ರಿಜ್ಜಿನ ರಟ್ಟು ಕತ್ತರಿಸಿ, ಅದರಲ್ಲಿ ತೂತು ಮಾಡಿ, ಎಲ್ಲವನ್ನೂ ಜೋಡಿಸಿ ಅವನ ಮುಂದಿಟ್ಟೆ. ಸನ್ಮಾನ ಮಾಡುವವರ ಹಾಗೆ ಹಲ್ಲು ಕಿರಿಯುತ್ತಾ ನಿಂತಿದ್ದೆ ನಾನು.

ಅವನು ಆ ಕೆಂಪು ಗುಂಡಿಯನ್ನೇ ನೋಡಿದ.

“ಇದು ಎಂತ ಅಕ್ಕ?”

“ನಿನಗೆ ಸುಲಭ ಆಗಲಿ ಅಂತ.”

“ನನ್ನ ಎರಡು ಬೆರಳು ಹೋಗಿದೆ. ತಲೆ ಹೋಗಿಲ್ಲ. ಇದನ್ನು ಯಾರದ್ದಾದರೂ ತೊಟ್ಟಿಲಿಗೆ ಕಟ್ಟು.”

ಅಷ್ಟು ಹೇಳಿ ಕೊಡೆಯನ್ನೂ ತೆಗೆದುಕೊಳ್ಳದೆ ಆ ಮಳೆಯಲ್ಲಿ ಇಳಿದು ಹೋದ. ನನಗೆ ಸಿಟ್ಟು ಬಂತು. ಮಾಡಿದವಳಿಗೆ ಇದೇ ಮರ್ಯಾದೆ ಎಂದು ಇವರ ಮುಂದೆ ಒಂದು ಗಂಟೆ ಕೂಗಾಡಿದೆ. ಇವರು ಪೂರ್ತಿ ಕೇಳಿ, “ಗುಂಡಿ ದೊಡ್ಡದಾಯಿತು” ಎಂದಷ್ಟೇ ಹೇಳಿ ಮಲಗಿದರು.

ಪ್ರವೀಣ ಮೂರು ದಿನ ಆಸ್ಪತ್ರೆಗೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಬೆರಳು ಗಟ್ಟಿಯಾಗುವುದನ್ನು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಭಾನುವಾರ ಗುಂಡಿಗಳ ಚೀಲ ಹಿಡಿದು ಕಾಪುವಿಗೆ ಹೋದೆ. ಮನೆಯಲ್ಲಿ ಇರಲಿಲ್ಲ. ಬೋಟಿನ ಬಡಗಿ ವಾಸಣ್ಣನ ಶೆಡ್ಡಿನಲ್ಲಿದ್ದಾನೆ ಎಂದರು.

ವಾಸಣ್ಣನಿಗೆ ಮಳೆಗಾಲವೇ ಸುಗ್ಗಿ. ಮೇಲೆ ಎಳೆದ ಬೋಟುಗಳ ರಿಪೇರಿಯೆಲ್ಲ ಆಗಲೇ. ನಾನು ಹೋದಾಗ ಅವರು ಪ್ಲೈವುಡ್ಡಿನ ಒಂದು ಪೆಟ್ಟಿಗೆಗೆ ಉಳಿ ಹೊಡೆಯುತ್ತಿದ್ದರು. ಪ್ರವೀಣ ಪಕ್ಕದಲ್ಲಿ ಕುಳಿತಿದ್ದ. ನಾನು ರಟ್ಟಿನಲ್ಲಿ ತೋರಿಸಿದ್ದು ಅವನ ತಲೆಯಿಂದ ಹೋಗಿರಲಿಲ್ಲ ಮಾರಾಯರೇ! ಮನಸ್ಸು ಸ್ವಲ್ಪ ತಣ್ಣಗಾಯಿತು. ಚೀಲದಿಂದ ನನ್ನ ನಕ್ಷೆಯ ಕಾಗದ ತೆಗೆದು ವಾಸಣ್ಣನಿಗೆ ಕೊಟ್ಟೆ.

“ಕಾಗದ ಎಲ್ಲ ಬೇಡ ಮಾರಾಯ್ತಿ” ಎಂದರು ಅವರು. “ಆಡುವವನು ಇಲ್ಲೇ ಇದ್ದಾನಲ್ಲ.”

ಅವರ ಕೆಲಸದ ರೀತಿಯೇ ಹಾಗೆ. ಬೋಟಿನ ಚುಕ್ಕಾಣಿ ಎಷ್ಟು ಎತ್ತರ ಇರಬೇಕೆಂದು ಅಡಿ ಇಂಚಿನಲ್ಲಿ ಬರೆದುಕೊಳ್ಳುವುದಿಲ್ಲ. ಬೋಟು ನಡೆಸುವ ತಂಡೇಲನನ್ನು ಕರೆಸಿ, ನಿಲ್ಲಿಸಿ, ಅವನ ಮೊಣಕೈ ಬರುವಲ್ಲಿ ಪೆನ್ಸಿಲಿನಿಂದ ಗೀಟು ಎಳೆಯುತ್ತಾರೆ. ಪ್ರವೀಣನನ್ನೂ ಹಾಗೇ ಪೆಟ್ಟಿಗೆಯ ಎದುರು ನಿಲ್ಲಿಸಿದರು. “ಕೈ ಇಡು” ಎಂದರು. ಅವನು ಎಡಗೈ ಇಟ್ಟ. ಅದರ ಸುತ್ತ ಗೆರೆ ಎಳೆದಾಯಿತು.

“ಇನ್ನೊಂದು.”

ಪ್ರವೀಣ ಅಲ್ಲಾಡಲಿಲ್ಲ. ಶೆಡ್ಡಿನ ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. “ಬಿಡಿ ವಾಸಣ್ಣ, ಅಂದಾಜಿಗೆ ಹಾಕಿ” ಎನ್ನಲು ನಾನು ಬಾಯಿ ತೆರೆದೆ. ವಾಸಣ್ಣ ನನ್ನನ್ನು ಒಮ್ಮೆ ನೋಡಿದರು. ಹುಟ್ಟಿದ ಮೇಲೆ ನನ್ನ ಬಾಯಿ ನೋಟಕ್ಕೆ ಮುಚ್ಚಿದ್ದು ಅದೊಂದೇ ಸಲ.

ಪ್ರವೀಣ ನಿಧಾನವಾಗಿ ಬೈರಾಸು ಬಿಚ್ಚಿದ. ಕೈಯನ್ನು ಹಲಗೆಯ ಮೇಲೆ ಇಟ್ಟ. ವಾಸಣ್ಣ ಪೆನ್ಸಿಲನ್ನು ಹೆಬ್ಬೆರಳಿನ ಸುತ್ತ ತಂದರು, ತೋರುಬೆರಳಿನ ಸುತ್ತ ತಂದರು, ಬೆರಳಿಲ್ಲದ ಜಾಗದಲ್ಲಿ ಕೈ ಇದ್ದ ಹಾಗೆಯೇ ಗೆರೆ ಎಳೆದು ಕಿರುಬೆರಳಿಗೆ ಹೋದರು. ಮುಖದಲ್ಲಿ ಅಯ್ಯೋ ಇಲ್ಲ, ಪಾಪ ಇಲ್ಲ. ಮರದ ತುಂಡಿನ ಅಳತೆ ತೆಗೆಯುವಾಗ ಇರುತ್ತದಲ್ಲ, ಅದೇ ಮುಖ. “ಇಲ್ಲಿ ಎರಡು ಬೆರಳಿನ ಜಾಗ ಖಾಲಿ ಉಂಟು. ಇಲ್ಲಿ ಗುಂಡಿ ಹಾಕಿ ಪ್ರಯೋಜನ ಇಲ್ಲ. ಹೆಬ್ಬೆರಳಿಗೆ ಎರಡು ಕೊಡುವ, ಕಿರುಬೆರಳಿಗೆ ಒಂದು. ತೋರುಬೆರಳಿಗೆ ಎಲ್ಲಿ ಬೇಕು, ಹೇಳು.”

ಪ್ರವೀಣ ತೋರುಬೆರಳನ್ನು ನೋಡಿದ. ಅದು ನೆಟ್ಟಗೆ ನಿಂತಿತ್ತು. “ಇದು ಮಡಚಿದರೆ ಎಲ್ಲಿ ಬರುತ್ತದೋ ಅಲ್ಲಿ” ಎಂದ.

ಮಡಚದಿದ್ದರೆ? ಆದರೆ ವಾಸಣ್ಣ ಅಲ್ಲೇ ಗುರುತು ಹಾಕಿದರು. ಆಮೇಲೆ ನನ್ನ ಚೀಲವನ್ನು ಪ್ರವೀಣ ಹಲಗೆಯ ಮೇಲೆ ಸುರಿದ. ಒಂದೊಂದನ್ನೂ ಒತ್ತಿ ನೋಡಿದ. ಕುಳಿಯಿರುವ ಗುಂಡಿಯನ್ನೇ ಆರಿಸಿದ, ಬೆರಳು ಜಾರುವುದಿಲ್ಲ ಎಂದು. ಸ್ಪ್ರಿಂಗ್ ಬಿಗಿಯಾದದ್ದೇ ಬೇಕೆಂದ. ಕೋಲಿಗೆ ಗುಂಡನೆಯ ತಲೆ. “ಬೋಟಿನ ಗೇರು ಹಿಡಿದವನಿಗೆ ಗುಂಡೇ ಸರಿ” ಎಂದ. ಕೆಂಪು ಗುಂಡಿಯನ್ನು ಎತ್ತಿ ನನ್ನ ಮಡಿಲಿಗೆ ಹಾಕಿದ. ಇಬ್ಬರಿಗೂ ನಗು ಬಂತು. ನನ್ನ ಕೈಯನ್ನೂ ಇರಿಸಿಕೊಂಡು ವಾಸಣ್ಣ ಗೆರೆ ಎಳೆದರು. ಎರಡನೆಯ ಆಟಗಾರ್ತಿ ನಾನೇ ಎಂದು ಅಲ್ಲಿ ತೀರ್ಮಾನವಾಯಿತು.

ಗುಂಡಿಗಳ ಚೀಲವನ್ನು ಅಲ್ಲೇ ಬಿಟ್ಟು ಬಂದೆ. ಮರುವಾರ ಪೆಟ್ಟಿಗೆ ಪ್ರವೀಣನ ಜೊತೆ ಮೀನಿನ ಟೆಂಪೋದಲ್ಲಿ ಪರ್ಕಳಕ್ಕೆ ಬಂತು. ಅದರ ಜೊತೆ ಬಂದ ವಾಸನೆಗೆ ಕೆಳಗಿನ ಮನೆಯವರು ಎರಡು ದಿನ ಕಿಟಕಿ ತೆರೆಯಲಿಲ್ಲ. ಪೆಟ್ಟಿಗೆ ಮುಟ್ಟಿದರೆ ಅಲ್ಲಾಡುತ್ತಿತ್ತು. ಇವರು ಅದನ್ನು ಒಂದು ಸುತ್ತು ನೋಡಿದರು, ಮಾರನೆಯ ದಿನ ಕಾರ್ಕಳದಿಂದ ಕರಿಕಲ್ಲಿನ ಒಂದು ಹಲಗೆ ತಂದು ಅದರ ಬುಡದೊಳಗೆ ಕೂರಿಸಿದರು. “ಇನ್ನು ಅಲ್ಲಾಡಲಿಕ್ಕಿಲ್ಲ ಭಾವ” ಎಂದರು ಪ್ರವೀಣನಿಗೆ. ಆ ವಾರ ಅವರು ಆಡಿದ ಅತಿ ಉದ್ದದ ಮಾತು ಅದು.

ಭಾನುವಾರ ಇಡೀ ದಿನ ಕುಳಿತು ನಾನು ವೈರು ಎಳೆದು ಬೆಸುಗೆ ಹಾಕಿದೆ. ಸಂಜೆ ಸ್ವಿಚ್ ಹಾಕಿದರೆ ಪರದೆ ಬೆಳಗಿತು, ಆಟ ಬಂತು, ಸಂಗೀತ ಬಂತು. ಗುಂಡಿ ಒತ್ತಿದರೆ ಏನೂ ಇಲ್ಲ! ಒಂದಲ್ಲ, ಎರಡಲ್ಲ, ಹದಿನೆಂಟೂ ಸತ್ತಿದ್ದವು. ಒಂದು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಒಂದು ಸ್ವಿಚ್ಚಿನ ಮುಚ್ಚಳ ಎಬ್ಬಿಸಿದೆ. ಒಳಗೆ ಬೆಣ್ಣೆಯ ಹಾಗೆ ಹಳದಿ ಗ್ರೀಸು.

“ಪ್ರವೀಣಾ, ಇದು ಎಂತ?”

“ಗ್ರೀಸು” ಎಂದ, ಹೆಮ್ಮೆಯಿಂದ. “ಉಪ್ಪುಗಾಳಿಗೆ ತುಕ್ಕು ಹಿಡಿಯಬಾರದಲ್ಲ? ವಾಸಣ್ಣನ ಶೆಡ್ಡಿನಲ್ಲಿ ಗ್ರೀಸ್ ಗನ್ ಇತ್ತು. ಹದಿನೆಂಟಕ್ಕೂ ಸಂದಿಯಿಂದ ಚೆನ್ನಾಗಿ ಹೊಡೆದಿದ್ದೇನೆ.”

ಬೋಟಿನವರಿಗೆ ಅದೇ ಅಭ್ಯಾಸ. ಲೋಹದ ಸಾಮಾನು ಯಾವುದೇ ಇರಲಿ, ಜೋಡಿಸುವ ಮೊದಲು ಗ್ರೀಸಿನಲ್ಲಿ ಮುಳುಗಿಸದಿದ್ದರೆ ಅವರಿಗೆ ನಿದ್ದೆ ಬಾರದು. ಸ್ವಿಚ್ಚಿನಲ್ಲಿ ಲೋಹಕ್ಕೆ ಲೋಹ ತಾಗಿದರೆ ಮಾತ್ರ ಕರೆಂಟು ಹರಿಯುವುದು. ನಡುವೆ ಗ್ರೀಸಿದ್ದರೆ ಮುಗಿಯಿತು ಕಥೆ. ನನ್ನ ತಾಳ್ಮೆ ಅಲ್ಲಿಗೆ ತಪ್ಪಿತು.

“ಪರ್ಕಳದಲ್ಲಿ ಉಪ್ಪುಗಾಳಿ ಎಲ್ಲಿಂದ ಬರಬೇಕು, ನನ್ನ ಉಪ್ಪಿನಕಾಯಿ ಭರಣಿಯಿಂದಲಾ? ಹೊಸ ಸ್ವಿಚ್ಚು ಬರಲಿಕ್ಕೆ ಈ ಮಳೆಯಲ್ಲಿ ಮತ್ತೆ ಎಷ್ಟು ವಾರವೋ! ತುಂಬಿಸಿದವನು ನೀನು, ತೆಗೆಯುವವನೂ ನೀನೇ. ನನ್ನಿಂದ ಆಗುವುದಿಲ್ಲ.”

ಬೆಳಿಗ್ಗೆ ಒಂದು ಸ್ವಿಚ್ಚನ್ನು ಬಿಚ್ಚಿ ತೋರಿಸಿದೆ. ಎಡಗೈಯಲ್ಲಿ ಹಿಡಿಯಬೇಕು; ಬಲಗೈಯಲ್ಲಿ ಒಳಗಿನ ಎಳ್ಳುಕಾಳಿನಷ್ಟು ಅಗಲದ ತಾಮ್ರದ ಪಟ್ಟಿಯನ್ನು ಎತ್ತಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು, ತಿರುಗಿ ಕೂರಿಸಬೇಕು. ತಪ್ಪಿದರೆ ಚಂಗನೆ ಹಾರಿ ಹೋಗುತ್ತದೆ. ಸ್ಪಿರಿಟ್ಟು, ಹತ್ತಿ, ಚಿಮಟ ಎಲ್ಲ ಮೇಜಿನ ಮೇಲಿಟ್ಟು, ಮುಖ ಊದಿಸಿಕೊಂಡು ಡ್ಯೂಟಿಗೆ ಹೊರಟೆ.

ಬಸ್ಸು ಮಣಿಪಾಲದ ಏರು ಹತ್ತುವಾಗ ನನಗೆ ತಿಳಿಯಿತು, ನಾನು ಏನು ಹೇಳಿ ಬಂದೆ ಎಂದು, ಯಾವ ಕೈಗೆ ಹೇಳಿ ಬಂದೆ ಎಂದು. ಅವತ್ತು ಪ್ರಾಕ್ಟಿಕಲ್ ಪರೀಕ್ಷೆ, ತಿರುಗಿ ಹೋಗುವ ಹಾಗಿರಲಿಲ್ಲ. ಸಂಜೆ ಓಡೋಡಿ ಬಂದರೆ ಪೇಪರಿನ ಮೇಲೆ ಎರಡೇ ಎರಡು ಸ್ವಿಚ್ಚು ಸ್ವಚ್ಛವಾಗಿದ್ದವು. ಅವನ ಬೆರಳು ಕೆಂಪಗೆ ಊದಿತ್ತು. “ಬಿಡು, ನಾನು ಮಾಡ್ತೇನೆ” ಎಂದೆ. ಅವನು ಪೇಪರನ್ನು ತನ್ನ ಕಡೆ ಎಳೆದುಕೊಂಡ.

“ಮುಟ್ಟಬೇಡ. ನನ್ನ ಕೆಲಸ.”

ಆ ವಾರ ಬೆಳಿಗ್ಗೆ ಆಸ್ಪತ್ರೆ, ಅಲ್ಲಿಂದ ಬಂದು ಬಿಸಿನೀರಿನಲ್ಲಿ ಕೈ, ಆಮೇಲೆ ಸ್ವಿಚ್ಚು. ಫ್ಯಾನು ಹಾಕಿದರೆ ಪಟ್ಟಿ ಹಾರುತ್ತದೆಂದು ಆ ಸೆಕೆಯಲ್ಲಿ ಬೆವರು ಸುರಿಸುತ್ತಾ ಕುಳಿತಿರುತ್ತಿದ್ದ. ಬೈರಾಸು ಬೆವರು ಒರೆಸಲಿಕ್ಕೆ ಬೇಕಾಗಿ ಕೈಯಿಂದ ಹೆಗಲಿಗೆ ಹೋಗಿತ್ತು. ಶುಕ್ರವಾರ ನಾನು ಬಂದು ಬಾಗಿಲು ತಳ್ಳಿದ್ದೇ ತಡ, ಒಳಗಿನಿಂದ ಕೂಗಿದ.

“ಅಕ್ಕಾ, ಕಾಲಿಡಬೇಡ! ಕೊನೆಯದ್ದರ ಪಟ್ಟಿ ಕೆಳಗೆ ಬಿದ್ದಿದೆ.”

ನೀರು ಸೋರುವ ಕೊಡೆ ಹಿಡಿದು ಹೊಸ್ತಿಲಿನಲ್ಲೇ ನಿಂತೆ. ಅವನು ನೆಲಕ್ಕೆ ಮುಖ ತಾಗಿಸಿ ಹುಡುಕಿದ. ಸಿಕ್ಕಿತು. ಬಲಗೈ ಚಾಚಿದ. ತೋರುಬೆರಳು ನಡುಗಿತು, ಬಾಗಿತು, ಇನ್ನೂ ಸ್ವಲ್ಪ ಬಾಗಿತು. ಹೆಬ್ಬೆರಳು ಅದಕ್ಕೆ ಎದುರು ಬಂತು. ಪಟ್ಟಿಯನ್ನು ನೆಲದಿಂದ ಹೆಕ್ಕಿ ಎತ್ತಿದ. ಎತ್ತಿದವನು ಬೆರಳನ್ನು ನೋಡಲೇ ಇಲ್ಲ, ಪಟ್ಟಿ ಡೊಂಕಾಗಿದೆಯಾ ಎಂದು ನೋಡುತ್ತಿದ್ದ. ನಾನು ಅಡುಗೆಮನೆಗೆ ಹೋದೆ. ಸುಲಭಕ್ಕೆ ಅಳುವವಳಲ್ಲ ನಾನು. ಅವತ್ತು ನಲ್ಲಿ ತಿರುಗಿಸಿಟ್ಟು ಮನಸಾರೆ ಅತ್ತೆ.

ಆಸ್ಪತ್ರೆಯ ಹುಡುಗಿ ಬೆರಳು ಹಿಡಿದು ನೋಡಿ, “ಅಣ್ಣ, ಮನೆಯಲ್ಲಿ ಯಾವ ವ್ಯಾಯಾಮ ಮಾಡಿದ್ರಿ?” ಎಂದು ಕೇಳಿದಳಂತೆ. “ಗ್ರೀಸು ಒರೆಸಿದೆ” ಎಂದನಂತೆ ಇವನು.

ಪೆಟ್ಟಿಗೆಗೆ ಜೀವ ಬಂದ ಮೇಲೆ ದಿನಾ ಸಂಜೆ ಇಬ್ಬರೂ ಆಡಿದೆವು. ಇಬ್ಬರು ಜಟ್ಟಿಗಳು ಹೊಡೆದಾಡುವ ಆಟ. ಒಂದು ಗುಟ್ಟು ಹೇಳುತ್ತೇನೆ: ಬೆಸುಗೆ ಸರಿಯುಂಟಾ ನೋಡುತ್ತೇನೆಂಬ ನೆಪದಲ್ಲಿ, ಅವನು ಏಳುವ ಮೊದಲು ದಿನಾ ಬೆಳಿಗ್ಗೆ ಒಬ್ಬಳೇ ಆಡಿ ಆಡಿ ನನ್ನ ಕೈ ಚೆನ್ನಾಗಿ ಪಳಗಿತ್ತು. ಆದರೂ ಸಂಜೆ ಸೋಲುತ್ತಿದ್ದೆ. ಅವನ ತೋರುಬೆರಳು ಗುಂಡಿಗೆ ತಲುಪಲಿ ಎಂದು ಒಂದು ಕ್ಷಣ ಕಾಯುತ್ತಿದ್ದೆ, ಆಮೇಲೆ ಹೊಡೆತ ತಿನ್ನುತ್ತಿದ್ದೆ. ಅವನು ಗೆದ್ದರೆ ನನಗೆ ಖುಷಿ. ಅವನು ಮಾತ್ರ ಗೆದ್ದಾಗ ನಗುತ್ತಿರಲಿಲ್ಲ.

ಬೋಟು ಇಳಿಯುವ ದಿನ ಹತ್ತಿರವಾಯಿತು. ಮಾಲಕರು ಫೋನ್ ಮಾಡಿದ್ದರು: ವಿಂಚು ಬೇಡ, ಚುಕ್ಕಾಣಿ ಹಿಡಿಯಲು ಆಗುತ್ತದಾ ಎಂದು ಕೇಳಿದ್ದರು. ಅವನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಅವತ್ತು ಸಂಜೆ ಪೆಟ್ಟಿಗೆಯ ಮುಂದೆ ನಿಂತವನು ಆಟ ಶುರುಮಾಡದೆ ನನ್ನ ಕಡೆ ತಿರುಗಿದ.

“ಅಕ್ಕ, ನೀನು ಇಷ್ಟು ದಿನ ಬೇಕಂತಲೇ ಸೋಲ್ತಾ ಇದ್ದಿ.”

“ಯಾರು ಹೇಳಿದ್ದು?”

“ನಿನ್ನ ಮುಖ ಹೇಳ್ತದೆ. ಕಡಲಿನಲ್ಲಿ ಯಾರೂ ನನಗೆ ಬಿಟ್ಟುಕೊಡುವುದಿಲ್ಲ. ಇವತ್ತೊಂದು ದಿನ ಸರಿಯಾಗಿ ಆಡು. ಈ ಕೈ ಎಷ್ಟಕ್ಕಾಗ್ತದೆ ಅಂತ ನನಗೆ ಗೊತ್ತಾಗಬೇಕು.”

ಇವರು ಓದುತ್ತಿದ್ದ ಪೇಪರನ್ನು ಕೆಳಗಿಟ್ಟರು. ಆಡಿದೆವು. ಮೊದಲನೆಯದು ನನಗೆ. ಎರಡನೆಯದು ಅವನಿಗೆ; ಬಿಟ್ಟುಕೊಟ್ಟದ್ದಲ್ಲ ಅದು, ದೇವರಾಣೆ, ಕಿತ್ತುಕೊಂಡದ್ದು. ಮೂರನೆಯದರಲ್ಲಿ ಇಬ್ಬರ ಜಟ್ಟಿಗಳೂ ಇನ್ನೊಂದು ಹೊಡೆತಕ್ಕೆ ಬೀಳುವ ಹಾಗಿದ್ದರು. ಅವನ ತೋರುಬೆರಳು ಗುಂಡಿಯ ಕಡೆ ಬಾಗುವುದು ಕಾಣಿಸಿತು. ಕಾಯಬೇಕೆಂದು ಇಡೀ ಜೀವ ಹೇಳಿತು. ಕಾಯಲಿಲ್ಲ. ಒತ್ತಿದೆ.

ಅವನ ಜಟ್ಟಿ ಅಂಗಾತ ಬಿದ್ದ.

ನನಗೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಎಂಥ ಕೆಲಸ ಮಾಡಿದೆ, ನಾಳೆ ಇವನು ಮಾಲಕರಿಗೆ ಆಗುವುದಿಲ್ಲ ಎಂದರೆ ಏನು ಗತಿ ಎಂದು ಗುಂಡಿಗಳನ್ನೇ ನೋಡುತ್ತಾ ನಿಂತೆ. ಅಷ್ಟರಲ್ಲಿ ಬೆನ್ನಿನ ಮೇಲೆ ಒಂದು ಪೆಟ್ಟು ಬಿತ್ತು ನೋಡಿ, ಧಡ್ ಎಂದು! ಬಲಗೈಯ ಪೆಟ್ಟು. ಹೆಬ್ಬೆರಳು, ತೋರುಬೆರಳು, ಕಿರುಬೆರಳು, ಮೂರೂ ಬೇರೆ ಬೇರೆ ಗೊತ್ತಾಗುವ ಹಾಗೆ ಬಿತ್ತು.

“ಅಬ್ಬಾ ಮಾರಾಯ್ತಿ, ಕಳ್ಳಿ! ಇಷ್ಟು ಚೆಂದ ಆಡ್ತೀಯಾ ನೀನು?” ಎಂದು ಪೆಟ್ಟಿಗೆಗೆ ಒರಗಿ ನಗುತ್ತಿದ್ದ. ನಗುತ್ತಲೇ ಫೋನು ತೆಗೆದು, ಅದೇ ಕೈಯಲ್ಲಿ ಹಿಡಿದು, ಮಾಲಕರ ನಂಬರು ಒತ್ತಿದ.

ಎರಡು ದಿನ ಬೆನ್ನು ಎತ್ತಲಿಕ್ಕಾಗದ ಹಾಗೆ ನೋಯಿತು. ಇವರು ಎಣ್ಣೆ ಬಿಸಿ ಮಾಡಿ ತಂದುಕೊಟ್ಟರು. ನಾನು ಹಚ್ಚಿಕೊಳ್ಳಲಿಲ್ಲ.